ಕರಿನಾಲಿಗೆಯ ಸೊಸೆ

ಕೆಟ್ಟ ಸುದ್ದಿ ಹಂಚುವ ಕೆಲಸವನ್ನು ಯಾರೂ ಕೇಳಿ ಪಡೆಯುವುದಿಲ್ಲ. ದುಲ್ಮಾಗೆ ಅದು ಗಂಟುಬಿದ್ದದ್ದು ಒಂದು ಗುಡ್ಡದ ದೆಸೆಯಿಂದ. ಬೇಸಿಗೆಯಲ್ಲಿ ಕಣಿವೆಯ ಕುರಿಗಾಹಿಗಳೆಲ್ಲ ಸೇರಿದ್ದ ಸಭೆಯಲ್ಲಿ ಮುಖಂಡ ಎದ್ದು ನಿಂತು, "ಹವಾಮಾನ ಕಚೇರಿಯವರು ಇನ್ಮೇಲೆ ವಾರವಾರ ಫೋನಿಗೆ ಸುದ್ದಿ ಕಳಿಸ್ತಾರಂತೆ. ಸಿಗ್ನಲ್ ಯಾರ ಮನೆ ಹತ್ರ ಸಿಗುತ್ತೆ?" ಎಂದು ಕೇಳಿದ. ಇಡೀ ಕಣಿವೆಯಲ್ಲಿ ಸಿಗ್ನಲ್ ಸಿಗುವುದು ಯಂಜಿಮಾ ಮುದುಕಿಯ ಬಿಡಾರದ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಮುದುಕಿಗೆ ಫೋನಿನ ಅಕ್ಷರ ಕಾಣುವುದಿಲ್ಲ. ಅವಳ ಮಗ ಓಚಿರ್ ಮಾತಿನಲ್ಲಿ ಮಹಾ ಜಿಪುಣ. ಉಳಿದವಳು ಸೊಸೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕುದುರೆಹಾಲಿನ ಬಟ್ಟಲು ಇನ್ನೊಂದು ಸುತ್ತು ಬಂತು, ಅಲ್ಲಿಗೆ ದುಲ್ಮಾಳ ಹಣೆಬರಹ ಬರೆದಾಯಿತು.

ಕೆಲಸವೇನೋ ಸುಲಭದ್ದು. ವಾರಕ್ಕೊಮ್ಮೆ ಗುಡ್ಡ ಹತ್ತಬೇಕು, ಫೋನನ್ನು ಎತ್ತಿ ಹಿಡಿದು ನಿಲ್ಲಬೇಕು, ಬಂದ ಸುದ್ದಿ ಓದಿಕೊಂಡು ಕುದುರೆ ಏರಿ ಮನೆಮನೆಗೆ ಮುಟ್ಟಿಸಬೇಕು. ಮನೆ ಹತ್ತಿರ ಬಂದಾಗ ದೂರದಿಂದಲೇ "ನಾಯಿ ಹಿಡೀರಿ!" ಎಂದು ಕೂಗಬೇಕು. ಅದು ಅಲ್ಲಿಯವರ ಕದ ತಟ್ಟುವ ರೀತಿ. ಒಳಗಿನಿಂದ ಯಾರಾದರೂ ಬಂದು ನಾಯಿಯ ಕುತ್ತಿಗೆ ತಬ್ಬಿ ಕುಳಿತ ಮೇಲೆಯೇ ಬಂದವರು ಕುದುರೆಯಿಂದ ಇಳಿಯುವುದು. ಆ ಬೇಸಿಗೆಯಲ್ಲಿ ದುಲ್ಮಾ ಕೂಗುವ ಮೊದಲೇ ಜನ ಹೊರಗೆ ಬರುತ್ತಿದ್ದರು. "ಮಳೆರಾಣಿ ಬಂದ್ಳು" ಎಂದು ನಗುತ್ತಿದ್ದರು. ಹುಲ್ಲು ಕೊಯ್ಯಲು ಬಿಸಿಲಿದೆಯೋ ಇಲ್ಲವೋ ಎಂದು ಅವಳು ಹೇಳುತ್ತಿದ್ದಳು, ಅದು ಸರಿಯಾಗುತ್ತಿತ್ತು, ಅವಳಿಗೆ ಮೊಸರು ಸಿಗುತ್ತಿತ್ತು.

ಹುಲ್ಲು ಹಳದಿಗೆ ತಿರುಗುವ ಹೊತ್ತಿಗೆ ಬಂದ ಸುದ್ದಿ ಮಾತ್ರ ಬೇರೆಯದಾಗಿತ್ತು. ಫೋನಿನಲ್ಲಿ ಒಂದು ನಕಾಶೆ. ಅವರ ಕಣಿವೆಯ ಮೇಲೆ ಕೆಂಪು ಬಣ್ಣ. ಕಣಿವೆಯ ದಕ್ಷಿಣಕ್ಕೆ, ಕೆಂಪುಬಂಡೆ ದಾಟಿದ ಮೇಲೆ ಹಸಿರು. ಕೆಳಗೆ ನಾಲ್ಕು ಸಾಲು. ಬೇಸಿಗೆಯ ಮಳೆ ಸಾಲದಾಗಿದೆ, ಚಳಿಗಾಲ ಕಠಿಣವಾಗಿರುತ್ತದೆ, ನಿತ್ರಾಣದ ಪ್ರಾಣಿಗಳನ್ನು ಈಗಲೇ ಮಾರಿ, ಹುಲ್ಲು ಕೂಡಿಡಿ, ಗಟ್ಟಿ ಪ್ರಾಣಿಗಳನ್ನು ದೂರದ ಮೇವಿಗೆ ಹೊಡೆದುಕೊಂಡು ಹೋಗಿ. ದುಲ್ಮಾ ಎರಡೆರಡು ಸಲ ಓದಿದಳು. ಕೆಳಗೆ ಅವಳ ಮನೆ, ಬಿಳಿ ಉಣ್ಣೆಗಂಬಳಿಯ ದುಂಡು ಮನೆ, ಒಂಟಿಯಾಗಿ ಹೊಗೆ ಬಿಡುತ್ತ ಕುಳಿತಿತ್ತು.

ಅಂದು ಊಟಕ್ಕೆ ಹಿಟ್ಟಿನ ಶಾವಿಗೆ ಹಾಕಿದ ಕುರಿಮಾಂಸದ ಸಾರು. ಯಂಜಿಮಾ ಮೊದಲ ಬಟ್ಟಲನ್ನು ಮಗನ ಮುಂದಿಟ್ಟಳು.

"ಏನಂತೆ ಗುಡ್ಡದ ಸುದ್ದಿ?" ಎಂದ ಓಚಿರ್.

"ಊಟ ಮಾಡು. ಆಮೇಲೆ ಹೇಳ್ತೀನಿ."

"ಅಷ್ಟೊಂದು ಕೆಟ್ಟದ್ದಾ?"

ಯಂಜಿಮಾ ಸೌಟನ್ನು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿದಳು. "ಊಟದ ಮುಂದೆ ಕೂತು ಕೆಟ್ಟದ್ದು ಗಿಟ್ಟದ್ದು ಅನ್ನಬೇಡ್ರೋ."

"ಅತ್ತೆ, ಇದು ನಾನು ಹೇಳೋ ಮಾತಲ್ಲ. ಕಚೇರಿಯವರದ್ದು. ಈ ಸಲ ಜುದ್..."

"ಮುಚ್ಚು ಬಾಯಿ!"

ಜುದ್ ಎಂದರೆ ಮೇವೆಲ್ಲ ಮಂಜಿನಡಿ ಸಿಕ್ಕಿ ಹಿಂಡು ಹಿಂಡೇ ನಿಂತಲ್ಲಿ ಸಾಯುವ ಚಳಿಗಾಲ. ಅದನ್ನು ಕಂಡವರು ಆ ಹೆಸರು ಎತ್ತುವುದಿಲ್ಲ. ಯಂಜಿಮಾ ಎದ್ದವಳೇ ಮರದ ಸೌಟಿನಲ್ಲಿ ಹಾಲು ತುಂಬಿಕೊಂಡು ಹೊರಗೆ ಹೋದಳು. ನಾಲ್ಕು ದಿಕ್ಕಿಗೂ ಚಿಮುಕಿಸಿ, ಏನೋ ಗೊಣಗಿ, ಒಳಗೆ ಬಂದು ಕುಳಿತಳು.

"ಬಯಲಲ್ಲಿ ಕುರಿ ಹಿಡಿಯೋ ಆ ಪ್ರಾಣೀನೇ ಹೆಸರಿಟ್ಟು ಕರೆಯಲ್ಲ ನಾವು. ಕರೆದ್ರೆ ಬರುತ್ತೆ ಅಂತ. ನೀನು ಇದನ್ನ ಮನೆಯೊಳಗೆ, ಒಲೆ ಮುಂದೆ, ಹೆಸರಿಟ್ಟು ಕರೀತೀಯಲ್ಲ?"

"ಕರೀದಿದ್ರೆ ಬರಲ್ವಾ ಅತ್ತೆ?"

"ನಿನ್ನ ಮಾವ ಕರೆದ. ಬಂತು."

ಅಷ್ಟು ಹೇಳಿ ಮುದುಕಿ ಸಾರು ಕುಡಿಯತೊಡಗಿದಳು. ಓಚಿರ್ ತಲೆ ತಗ್ಗಿಸಿ ಮೂಳೆ ಚೀಪುತ್ತಿದ್ದ. ಅವನ ಅಪ್ಪ ಗೊಂಚಿಗ್ ಸತ್ತದ್ದು ಹಿಂದಿನ ಜುದ್‌ನಲ್ಲಿ. ಆ ಶರತ್ಕಾಲದಲ್ಲಿ ಊಟಕ್ಕೆ ಕುಳಿತಾಗ, "ಈ ಸಲ ಕುದುರೆ ಉಳಿಯಲ್ಲ ಕಣೇ. ಅವುಗಳ ಹಿಂದೆ ನಾನೂ ಹೋಗಿಬಿಡ್ತೀನೇನೋ" ಎಂದು ನಕ್ಕಿದ್ದನಂತೆ. ವಸಂತದ ಬಿರುಗಾಳಿಯಲ್ಲಿ ಚದುರಿದ ಕುದುರೆಗಳ ಹಿಂದೆ ಹೋದವನು ಮಂಜು ಕರಗಿದ ಮೇಲೆಯೇ ಸಿಕ್ಕಿದ್ದು. ಯಂಜಿಮಾ ಪಾಲಿಗೆ ಅವನನ್ನು ಕೊಂದದ್ದು ಗಾಳಿಯಲ್ಲ, ಮಾತು.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಜಗಳ ಒಲೆಯ ಹಾಗೆ ಆರದೆ ಉರಿಯಿತು. ಬೆಳಿಗ್ಗೆ ಉಪ್ಪು ಹಾಕಿದ ಹಾಲುಚಹಾದ ಜೊತೆ ಶುರುವಾದರೆ ಹಾಲು ಕರೆಯುವಾಗ, ಬೆರಣಿ ಆರಿಸುವಾಗ, ಮೊಸರುಗಡ್ಡೆ ಒಣಹಾಕುವಾಗಲೂ ಮುಂದುವರಿಯುತ್ತಿತ್ತು. ಮಾರಬೇಕು ಎಂದು ಸೊಸೆ, ಕೂಡದು ಎಂದು ಅತ್ತೆ.

"ಈ ಕಪ್ಪು ತಲೆಯ ಕುರಿ ನೋಡು, ಇದರ ಅಜ್ಜೀನ ನಾನು ಎದೇಲಿಟ್ಟುಕೊಂಡು ಸಾಕಿದ್ದು. ಲಾರಿಗೆ ಹತ್ತಿಸ್ತೀಯಾ?"

"ಹತ್ತಿಸ್ದೇ ಇದ್ರೆ ಅದನ್ನ ಚಳಿಗಾಲದಲ್ಲಿ ಎಳೆದು ಬಿಸಾಡೋಳೂ ನಾನೇ ಅತ್ತೆ."

"ನೋಡಿದ್ಯಾ ಓಚಿರ್? ಬಾಯಿ ತೆಗೆದ್ರೆ ಸಾವು!"

ಓಚಿರ್ ಎಂದಿನಂತೆ ಕಡಿವಾಣ ಹೊಲಿಯುತ್ತ ಕುಳಿತಿರುತ್ತಿದ್ದ. ರಜೆಗೆಂದು ಶಾಲೆಯ ಹಾಸ್ಟೆಲಿನಿಂದ ಬಂದಿದ್ದ ಮಗಳು ನೊಮಿನ್ ಒಂದು ಸಂಜೆ ಕೇಳಿಯೇ ಬಿಟ್ಟಳು. "ಅಜ್ಜಿ, ನಮ್ಮ ಟೀಚರು ಪರೀಕ್ಷೇಲಿ ನಾನು ಫೇಲಾಗ್ತೀನಿ ಅಂದ್ರು. ಅವರು ಅಂದಿದ್ದಕ್ಕೇ ಫೇಲಾದ್ನಾ, ಓದದೇ ಇದ್ದಿದ್ದಕ್ಕಾ?"

"ಫೇಲಾದ್ಯಾ?" ದುಲ್ಮಾ ಅವಳ ಕಡೆ ತಿರುಗಿದಳು.

"ಮಾತಿಗಂದೆ."

"ಮಾತಿಗೂ ಅನ್ನಬೇಡ ನನ್ನ ಕಂದಾ," ಎಂದಳು ಅಜ್ಜಿ. ಅದು ಹುಡುಗಿಗೆ ನಗು ತರಿಸಿತು. ಅಪರೂಪಕ್ಕೆ ಎಲ್ಲರೂ ನಕ್ಕರು.

ಕೊನೆಗೆ ಬಾಯಿಬಿಟ್ಟವನು ಓಚಿರ್. "ಅಮ್ಮಾ, ಅಪ್ಪ ಹೋದ ವರ್ಷ ನಮಗೆ ಯಾರೂ ಮೊದಲೇ ಹೇಳಿರ್ಲಿಲ್ಲ. ಈ ಸಲ ಹೇಳಿದಾರೆ. ಕುದುರೆ, ಗಟ್ಟಿ ಕುರಿ ತಗೊಂಡು ನಾನು ಕೆಂಪುಬಂಡೆಯಾಚೆ ಹೋಗ್ತೀನಿ."

ಯಂಜಿಮಾ ಒಲೆಗೆ ಬೆರಣಿ ಒಡ್ಡಿದಳು. "ಹೋಗೋದಾದ್ರೆ ಹೋಗು. ಮಾರೋದನ್ನ ಮಾರು. ಯಾಕೆ ಏನು ಅಂತ ಮಾತ್ರ ಈ ಮನೆಯೊಳಗೆ ಇನ್ನೊಂದು ಸಲ ಯಾರೂ ಹೇಳಕೂಡದು."

ಲಾರಿ ಬಂತು. ಕಪ್ಪು ತಲೆಯ ಕುರಿ ಹೋಗಲಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯುವಾಗ ದುಲ್ಮಾ ಬೇಕೆಂದೇ ಬೇರೆ ಕಡೆ ನೋಡಿದಳು. ಓಚಿರ್ ಹೊರಡುವ ದಿನ ಯಂಜಿಮಾ ಅವನ ಕುದುರೆಯ ಹೆಜ್ಜೆಯ ಮೇಲೆ ಹಾಲು ಚಿಮುಕಿಸಿದಳು. ದುಲ್ಮಾ ಒಣ ಮಾಂಸದ ಚೀಲ ಕಟ್ಟಿಕೊಟ್ಟಳು. "ಅಲ್ಲಿ ಸಿಗ್ನಲ್ ಇರಲ್ವಲ್ಲ," ಎಂದಳು. "ಇದ್ರೂ ಏನು ಮಾತಾಡ್ತೀನಿ?" ಎಂದು ಅವನು ನಕ್ಕ. ಅವನು ಬಂಡೆಯ ತಿರುವಿನಲ್ಲಿ ಮರೆಯಾದ ಮೇಲೂ ಅವಳು ನಿಂತೇ ಇದ್ದಳು. ಅಂಥ ಮಾತಿಲ್ಲದವನು ಹೋದರೂ ಮನೆ ಇಷ್ಟು ನಿಶ್ಶಬ್ದವಾಗುತ್ತದೆಂದು ಅವಳು ಎಣಿಸಿರಲಿಲ್ಲ.

ಮನೆಮನೆಗೂ ಅವಳು ಅದೇ ಸುದ್ದಿ ಮುಟ್ಟಿಸಿದಳು. ಕೆಲವರು ಕೇಳಿದರು, ಕೆಲವರು ಚಹಾ ಕೊಟ್ಟು ಮಾತು ಬದಲಿಸಿದರು. ಹತ್ತಿರದ ಮನೆಯ ದೊವ್ದೊನ್ ತೊಡೆ ತಟ್ಟಿ ನಕ್ಕ. ಅವನದು ಕಣಿವೆಯಲ್ಲೇ ದೊಡ್ಡ ಹಿಂಡು, ಕಣಿವೆಯಲ್ಲೇ ದೊಡ್ಡ ಗಂಟಲು. "ನಮ್ಮನೆ ನಾಯಿ ಮೂಗು ಬಾಲದಡಿ ಇಟ್ಟು ಮಲಗಿದ್ರೆ ಚಳಿ, ಕಾಲು ಚಾಚಿ ಮಲಗಿದ್ರೆ ಸೆಕೆ. ಫೋನು ಗೀನು ಯಾಕಮ್ಮ ನಂಗೆ?" ಅವನ ಹೆಂಡತಿ ಪಗ್ಮಾ ಮಾತ್ರ ನಗಲಿಲ್ಲ. ದುಲ್ಮಾ ಹೊರಟ ಮೇಲೆ ಅವಳು ಹೊಸ್ತಿಲಿಗೆ ಹಾಲು ಚಿಮುಕಿಸುವುದು ಕಂಡಿತು.

ಮೊದಲ ಮಂಜು ಬೇಗ ಬಂತು. ಅದರ ಮೇಲೆ ಒಂದು ದಿನ ಬಿಸಿ ಗಾಳಿ ಬೀಸಿ ಮಂಜೆಲ್ಲ ನೀರಾಯಿತು. ಆ ನೀರು ಮತ್ತೆ ಹೆಪ್ಪುಗಟ್ಟಿತು. ನೆಲಕ್ಕೆಲ್ಲ ಗಾಜು ಬಳಿದಂತಾಗಿ ಕುರಿಗಳ ಗೊರಸಿಗೆ ಹುಲ್ಲು ಸಿಗದಾಯಿತು. ಗೊರಸಿನ ಮೇಲಿನ ಚರ್ಮ ಹರಿದು ಅವು ನಡೆದಲ್ಲೆಲ್ಲ ರಕ್ತದ ಕಲೆ. ದುಲ್ಮಾಳ ಮನೆಯಲ್ಲಿ ಉಳಿದಿದ್ದ ಒಂದಷ್ಟು ಕುರಿ, ಹಸುಗಳಿಗೆ ಹುಲ್ಲಿತ್ತು. ಕೊಟ್ಟಿಗೆಯಲ್ಲಿ ಒಣಗೊಬ್ಬರದ ದಪ್ಪ ಹಾಸು ಇತ್ತು. ಹಸುಗಳಿಗೆ ಹಳೆಯ ಕಂಬಳಿ ಹೊಲಿದು ತೊಡಿಸಿದ್ದರು. ಕಷ್ಟದಲ್ಲೇ ದಿನ ದೂಡಿದರು, ಆದರೆ ದೂಡಿದರು. ದೊವ್ದೊನ್ ಮನೆಯ ಹಿಂದೆ ಸತ್ತ ಕುರಿಗಳ ಗುಡ್ಡೆ ದಿನದಿನಕ್ಕೂ ಬೆಳೆಯಿತು.

ಹೇಳಿದ್ದು ನಿಜವಾದರೆ ಹೇಳಿದವರಿಗೆ ಮಾನ ಬರಬೇಕು ಎನ್ನುವುದು ನಮ್ಮ ನಿಮ್ಮ ಲೆಕ್ಕ. ಕಣಿವೆಯ ಲೆಕ್ಕ ಬೇರೆ. ಹೇಳಿದವಳ ಮನೆಯ ಹಿಂಡು ಉಳಿದಿದೆ, ಕೇಳಿದವರ ಹಿಂಡು ಸಾಯುತ್ತಿದೆ. ಯಾರ ಬಾಯಿಂದ ಯಾರ ಮೇಲೆ ಬಂತು ಎಂದು ಯಾರೋ ಕೇಳಿದರು. ಅಲ್ಲಿಂದ ಅವಳ ಹೆಸರು ಕರಿನಾಲಿಗೆ ಎಂದಾಯಿತು. ಅವಳು "ನಾಯಿ ಹಿಡೀರಿ!" ಎಂದು ಕೂಗಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಮಾತು ಕೇಳಿಸುತ್ತಿತ್ತು, ಹೊಗೆ ಏಳುತ್ತಿತ್ತು, ಬಟ್ಟಲುಗಳು ತಾಕುವ ಸದ್ದೂ ಬರುತ್ತಿತ್ತು. ನಾಯಿಗಳು ಕುದುರೆಯ ಕಾಲಿಗೆ ಹಾರುತ್ತಿದ್ದವು. ಕುದುರೆಯ ಮೇಲೆ ಕುಳಿತೇ ಅವಳು ವಾರದ ಸುದ್ದಿಯನ್ನು ಮುಚ್ಚಿದ ಬಾಗಿಲಿಗೆ ಕೂಗಿ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳು. ಅಲ್ಲೂ ನಾಯಿಯೇ.

ಬಿಳಿ ತಿಂಗಳ ಹೊಸವರ್ಷದ ಹಬ್ಬಕ್ಕೆ ಅತ್ತೆ ಸೊಸೆ ಇಬ್ಬರೂ ಜಗಳ ಬದಿಗಿಟ್ಟು ಮಾಂಸದ ಕಡುಬು ಮಾಡಿದರು. ಮಾಡಿ ಮಾಡಿ ಹೊರಗಿನ ಚಳಿಯಲ್ಲಿಟ್ಟು ಗಟ್ಟಿಯಾಗಿಸಿ ಚೀಲ ತುಂಬಿದರು. ನೊಮಿನ್ ಹಾಸ್ಟೆಲಿನಿಂದ ಬಂದಳು. ಹಬ್ಬದ ಬೆಳಿಗ್ಗೆ ಯಂಜಿಮಾ ನೇರಳೆ ರೇಷ್ಮೆಯ ನಿಲುವಂಗಿ ತೊಟ್ಟು, ಮೊಣಕಾಲ ಮೇಲೆ ನೀಲಿ ವಸ್ತ್ರ ಹಾಸಿಕೊಂಡು, ಹಿರಿಯರ ಜಾಗದಲ್ಲಿ ಕುಳಿತಳು. ಕಣಿವೆಗೆಲ್ಲ ಹಿರಿಯಳು ಅವಳೇ. ಪ್ರತಿ ವರ್ಷ ಮೊದಲು ಅವಳ ಮೊಣಕೈ ಹಿಡಿದು ಆಶೀರ್ವಾದ ಪಡೆದ ಮೇಲೆಯೇ ಜನ ಬೇರೆ ಮನೆಗೆ ಹೋಗುವುದು. ಮಧ್ಯಾಹ್ನವಾಯಿತು. ನೊಮಿನ್ ಮೂರು ಸಲ ಹೊರಗೆ ಹೋಗಿ ನೋಡಿ ಬಂದಳು.

"ದೊವ್ದೊನ್ ಮಾವನ ಮನೆ ಮುಂದೆ ಕುದುರೆಗಳಿದಾವೆ ಅಜ್ಜಿ."

"ಇರ್ಲಿ."

"ಇನ್ನೊಂದು ತಟ್ಟೆ ಬೇಯಿಸ್ಲಾ?" ಎಂದಳು ದುಲ್ಮಾ.

"ಯಾರಿಗೆ?"

ಸಂಜೆ ಯಂಜಿಮಾ ನೀಲಿ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹಾಕಿದಳು. ಆ ಹೊತ್ತಿನಿಂದ ಅವಳು ಸೊಸೆಯೊಡನೆ ಮಾತು ಬಿಟ್ಟಳು. ಜಗಳವನ್ನೂ ಬಿಟ್ಟಳು. ಹೇಳಬೇಕಾದ್ದು ಇದ್ದರೆ ಒಲೆಯ ಬಳಿ ಮಲಗುವ ಮುದಿ ನಾಯಿ ಬಸಾರ್‌ಗೆ ಹೇಳುತ್ತಿದ್ದಳು. "ಬಸಾರ್, ಬೆರಣಿ ಮುಗೀತು ಅಂತ ಹೇಳು." "ಬಸಾರ್, ಸಾರಿಗೆ ಉಪ್ಪು ಜಾಸ್ತಿ ಅಂತ ಹೇಳು." ನೊಮಿನ್ ಹಾಸ್ಟೆಲಿಗೆ ಮರಳಿದ ಮೇಲೆ ಆ ಮನೆಯಲ್ಲಿ ಇಬ್ಬರು ಹೆಂಗಸರು, ನಡುವೆ ಒಂದು ನಾಯಿ. ಮೊದಮೊದಲು ದುಲ್ಮಾಗೆ ನಗು ಬರುತ್ತಿತ್ತು. ಆಮೇಲೆ ಅಳು ಬರುತ್ತಿತ್ತು. ಆಮೇಲೆ ಎರಡೂ ಬಾರದೆ ಅವಳೂ ಬಸಾರ್‌ಗೇ ಉತ್ತರ ಕೊಡತೊಡಗಿದಳು. ಹಬ್ಬದ ಕಡುಬನ್ನು ಅವರು ಅನೇಕ ವಾರ ತಿಂದರು.

ಮರಿ ಹಾಕುವ ಕಾಲ ಶುರುವಾಯಿತು. ಈ ವಿಷಯದಲ್ಲಿ ಯಂಜಿಮಾಗೆ ಸಾಟಿಯಾದವರು ಕಣಿವೆಯಲ್ಲೇ ಇರಲಿಲ್ಲ. ಮರಿಯನ್ನು ಒಲ್ಲದ ತಾಯಿಕುರಿಯ ಪಕ್ಕ ಕುಳಿತು "ತೊಯ್ಗ್, ತೊಯ್ಗ್" ಎಂದು ಎಳೆದು ಎಳೆದು ಹಾಡುತ್ತಿದ್ದಳು. ಬೇರೆ ತಾಯಿಯ ತಬ್ಬಲಿ ಮರಿಯನ್ನೂ ಕುರಿ ಮೂಸಿ ನೋಡಿ, ಕಣ್ಣು ತೇವ ಮಾಡಿಕೊಂಡು, ಹಾಲು ಬಿಡುತ್ತಿತ್ತು. ಬೇರೆ ಮನೆಯವರು ಅವಳನ್ನು ಇದಕ್ಕಾಗಿಯೇ ಕುದುರೆ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಈ ವರ್ಷ ಯಾರೂ ಕರೆಸಲಿಲ್ಲ. ಅವಳು ತನ್ನ ಕೊಟ್ಟಿಗೆಯಲ್ಲೇ ಹಾಡಿದಳು. ದುಲ್ಮಾ ಗೋಡೆಯ ಈಚೆ ಬೆರಣಿ ಒಡೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ನಾಯಿಯ ಜೊತೆಗಿನ ಮಾತು ಬಿಟ್ಟರೆ ಅತ್ತೆಯ ದನಿ ಅವಳ ಕಿವಿಗೆ ಬೀಳುತ್ತಿದ್ದುದು ಅಷ್ಟೇ.

ಅಷ್ಟರಲ್ಲಿ ಒಬ್ಬ ಲಾರಿಯವನ ಕೈಯಲ್ಲಿ ಓಚಿರ್‌ನ ಸುದ್ದಿ ಬಂತು. ಹಿಂಡು ಚೆನ್ನಾಗಿದೆ, ಮರಿ ಹಾಕುವುದಕ್ಕೆ ಮನೆಗೇ ಹೊಡೆದುಕೊಂಡು ಬರುತ್ತಿದ್ದೇನೆ, ಹೊರಟಾಯಿತು. ದುಲ್ಮಾ ಆ ದಿನವೆಲ್ಲ ಗುನುಗುತ್ತ ಕೆಲಸ ಮಾಡಿದಳು. ಮರುದಿನ ಗುಡ್ಡ ಹತ್ತಿದಳು. ಫೋನು ಎತ್ತಿದ ಕೂಡಲೇ ಒಂದರ ಹಿಂದೆ ಒಂದು ಸದ್ದು. ವಾಯವ್ಯದಿಂದ ಭಾರಿ ಬಿರುಗಾಳಿ, ಮಂಜು, ನಾಡಿದ್ದು ಮಧ್ಯಾಹ್ನದೊಳಗೆ. ಯಾರೂ ಹಿಂಡನ್ನು ಬಯಲಿಗೆ ಬಿಡಬೇಡಿ. ದಾರಿಯಲ್ಲಿರುವವರು ಮರೆ ಸಿಕ್ಕಲ್ಲಿ ನಿಲ್ಲಿ.

ನಾಡಿದ್ದು ಓಚಿರ್ ಇರುವುದು ಕೆಂಪುಬಂಡೆ ದಾಟಿ ಈಚೆಗೆ ಬಂದರೆ ಸಿಗುವ ಬಟ್ಟಬಯಲಿನಲ್ಲಿ. ಬಂಡೆಯ ಆಚೆಗೇ ತಡೆದರೆ ಅಲ್ಲಿ ಹಳೆಯ ಕಲ್ಲುದೊಡ್ಡಿ ಇದೆ, ಮರೆಯಿದೆ. ತಡೆಯುವುದು ಯಾರು? ದುಲ್ಮಾಳ ಕುದುರೆ ಚಳಿಗಾಲದಲ್ಲಿ ಎಲುಬಿನ ಗೂಡಾಗಿದೆ, ಅಷ್ಟು ದೂರ ಹೋಗಲಾರದು. ಮೋಟಾರ್ ಸೈಕಲ್ ಇರುವುದು ದೊವ್ದೊನ್ ಮನೆಯಲ್ಲಿ ಮಾತ್ರ.

ಅವಳು ಗುಡ್ಡದಿಂದ ನೇರ ಅಲ್ಲಿಗೇ ಹೋದಳು. "ನಾಯಿ ಹಿಡೀರಿ!"

ಎರಡು ಕರಿ ನಾಯಿಗಳು ಹಲ್ಲು ಕಿಸಿದು ಬಂದವು. ಮೋಟಾರ್ ಸೈಕಲ್ ಗೋಡೆಗೊರಗಿ ನಿಂತಿತ್ತು. ಮನೆಯಲ್ಲಿ ಜನರಿದ್ದರು.

"ಪಗ್ಮಾ ಅಕ್ಕಾ! ನಾನು ದುಲ್ಮಾ! ಒಂದೇ ಮಾತು!"

"ನಾಯಿ ಕಟ್ಟಿಲ್ಲ. ಇಳೀಬೇಡ," ಎಂದಿತು ಒಳಗಿನ ದನಿ.

"ಅಕ್ಕಾ, ನಾಡಿದ್ದು ಬಿರುಗಾಳಿ ಬರ್ತಿದೆ. ಓಚಿರ್ ದಾರೀಲಿದಾನೆ. ದೊವ್ದೊನಣ್ಣ ಒಂದು ಸಲ..."

"ಆ ಬಾಯಿ ಮುಚ್ಚು ಮಾರಾಯ್ತಿ! ಆ ದಿನ ಬಂದು ಹೇಳ್ದೆ, ನಮ್ಮ ಹಿಂಡು ಹೋಯ್ತು. ಇನ್ನೊಂದು ಹಿಡಿ ಉಳಿದಿದೆ, ಅದಕ್ಕೂ ಬಂದ್ಯಾ? ಹೋಗು!"

ದುಲ್ಮಾ ಇಳಿಯಲು ಒಂದು ಕಾಲು ಎತ್ತಿದಳು. ನಾಯಿ ಅವಳ ಬೂಟಿಗೇ ಬಾಯಿ ಹಾಕಿತು. ದೊವ್ದೊನ್ ಹೊರಗೆ ಬರಲಿಲ್ಲ. ಅವನ ದೊಡ್ಡ ಗಂಟಲೂ ಕೇಳಿಸಲಿಲ್ಲ.

ಮನೆಗೆ ಬಂದಾಗ ಯಂಜಿಮಾ ಒಲೆಯ ಮುಂದೆ ಒದ್ದೆ ಮರಿಯೊಂದನ್ನು ಒರೆಸುತ್ತಿದ್ದಳು. ಬಸಾರ್ ಪಕ್ಕದಲ್ಲಿತ್ತು. ದುಲ್ಮಾ ನಾಯಿಯ ಕಡೆ ನೋಡಲಿಲ್ಲ.

"ಅತ್ತೆ, ನಿಮಗೇ ಹೇಳ್ತಿದೀನಿ. ನೀವು ಬೈದ್ರೂ ಸರಿ, ಹೊಡೆದ್ರೂ ಸರಿ. ನಾಡಿದ್ದು ಬಿರುಗಾಳಿ. ಓಚಿರ್ ಬಯಲಲ್ಲಿ ಸಿಕ್ಕಿಕೊಳ್ತಾನೆ. ದೊವ್ದೊನ್ ಮನೇಲಿ ನಾಯಿ ಹಿಡೀಲಿಲ್ಲ."

ಮುದುಕಿಯ ಕೈ ಮರಿಯ ಬೆನ್ನಿನ ಮೇಲೆ ನಿಂತಿತು. ದಾರಿಯಲ್ಲಿರುವವನ ಬಗ್ಗೆ ಅಂಥ ಮಾತು! ಬೈಗುಳಕ್ಕೆ ಕಾದು ದುಲ್ಮಾ ನಿಂತಳು. ಯಂಜಿಮಾ ಮರಿಯನ್ನು ಕಂಬಳಿಯಲ್ಲಿ ಸುತ್ತಿಟ್ಟು ಎದ್ದಳು. ಕೊಟ್ಟಿಗೆಯಲ್ಲಿದ್ದ ಮುದಿ ಹೆಣ್ಣು ಕುದುರೆಗೆ ತಾನೇ ಜೀನು ಹಾಕಿ ಹೊರಟಳು, ದುಲ್ಮಾ ತನ್ನ ಕುದುರೆಯಲ್ಲಿ ಹಿಂಬಾಲಿಸಿದಳು. ದಾರಿಯುದ್ದಕ್ಕೂ ಮುದುಕಿ ತುಟಿ ಬಿಚ್ಚಲಿಲ್ಲ. ದೊವ್ದೊನ್ ಮನೆ ಬಂದಾಗ "ನಾಯಿ ಹಿಡೀರಿ" ಎಂದು ಕೂಗಲೂ ಇಲ್ಲ. ಕುದುರೆಯಿಂದ ಜಾರಿ ಇಳಿದಳು, ಬೊಗಳುತ್ತ ನುಗ್ಗಿದ ದೊಡ್ಡ ನಾಯಿಯ ಕುತ್ತಿಗೆಯ ಕೂದಲಿಗೆ ನೇರ ಕೈ ಹಾಕಿದಳು, ಮಂಜಿನಲ್ಲಿ ಕುಕ್ಕರಿಸಿ ಅದನ್ನು ತಬ್ಬಿ ಕುಳಿತಳು. ಅದನ್ನು ಮರಿಯಾಗಿದ್ದಾಗ ಯಂಜಿಮಾ ಮನೆಯಿಂದಲೇ ಕೊಟ್ಟದ್ದು. ಇನ್ನೊಂದು ನಾಯಿ ಗುರ್ರೆನ್ನುತ್ತ ದೂರ ಸರಿಯಿತು.

"ಇಳಿ," ಎಂದಳು ಸೊಸೆಗೆ.

ಹಬ್ಬದಿಂದೀಚೆ ಅವಳು ಸೊಸೆಗೆ ಆಡಿದ ಮೊದಲ ಮಾತು ಅದು. ದುಲ್ಮಾ ಇಳಿದಳು. ಬಾಗಿಲು ತೆರೆದ ಪಗ್ಮಾ ಹೌಹಾರಿದಳು. ಮನೆಗೆ ಬಂದ ಹಿರಿಯಳು, ಎಪ್ಪತ್ತು ದಾಟಿದವಳು, ತಮ್ಮ ನಾಯಿಯನ್ನು ತಾನೇ ಹಿಡಿದು ಮಂಜಿನಲ್ಲಿ ಕೂರುವುದೆಂದರೆ ಆ ಮನೆಯ ಮಾನ ಹರಾಜಾದಂತೆ.

"ಅಯ್ಯಯ್ಯೋ, ಯಂಜಿಮಾ ಅಮ್ಮ! ನೀವ್ಯಾಕೆ ನಾಯಿ ಹಿಡೀತೀರಿ?"

"ಈ ಮನೇಲಿ ಹಿಡಿಯೋರು ಯಾರೂ ಉಳಿದಿಲ್ಲ ಅಂದ್ಕೊಂಡೆ."

ದೊವ್ದೊನ್ ಓಡಿ ಬಂದು ನಾಯಿಯನ್ನು ಎಳೆದ. ಒಳಗೆ ಹಿರಿಯರ ಜಾಗದಲ್ಲಿ ಕೂರಿಸಿದರು, ಎರಡು ಕೈಯಲ್ಲಿ ಚಹಾ ಕೊಟ್ಟರು. ಚಳಿಗಾಲ ಅವನ ಮೈಯನ್ನು ಅರ್ಧ ತಿಂದುಹಾಕಿತ್ತು. ದುಲ್ಮಾ ಗಂಟಲು ಸರಿಮಾಡಿಕೊಂಡಳು. ಯಂಜಿಮಾ ಕೈ ಎತ್ತಿ ತಡೆದಳು.

"ನೀನು ಬೇಡ. ನಾನು ಹೇಳ್ತೀನಿ." ಬಟ್ಟಲನ್ನು ಕೆಳಗಿಟ್ಟಳು. "ನಾಡಿದ್ದು ಬಿರುಗಾಳಿ ಬರುತ್ತೆ. ನನ್ನ ಮಗ ದಾರೀಲಿದಾನೆ. ಬಂಡೆಯಾಚೇನೇ ತಡೀದಿದ್ರೆ ಅವನು ಸಾಯ್ತಾನೆ. ಅವನಪ್ಪ ಸತ್ತ ಹಾಗೇ ಸಾಯ್ತಾನೆ."

ಪಗ್ಮಾ ಬಾಯಿಗೆ ಸೆರಗಿನಂತೆ ತೋಳು ಅಡ್ಡ ಹಿಡಿದಳು. ಹೆತ್ತ ತಾಯಿ, ಬದುಕಿರುವ ಮಗನ ಬಗ್ಗೆ!

"ಕರಿಯಾಗೋದಿದ್ರೆ ನನ್ನ ನಾಲಿಗೆ ಆಗ್ಲಿ," ಎಂದಳು ಯಂಜಿಮಾ. "ಇವಳಿಗೆ ಇನ್ನೂ ಬಹಳ ವರ್ಷ ಮಾತಾಡೋದಿದೆ. ಏಳು ದೊವ್ದೊನ್. ಗಾಡಿ ತೆಗಿ."

ದೊವ್ದೊನ್ ಎದ್ದ. ತುಪ್ಪಳದ ಕೋಟು ಹಾಕಿಕೊಳ್ಳುತ್ತ, "ಗಾಳಿಗಿಂತ ನೀವು ಬೈದ್ರೇನೇ ನಂಗೆ ಭಯ ಅಮ್ಮ," ಎಂದ. ಯಾರೂ ನಗಲಿಲ್ಲ. ಬಾಗಿಲಲ್ಲಿ ನಿಂತು ಹೆಂಡತಿಗೆ, "ಕುರಿ ಎಲ್ಲಾ ಒಳಗೆ ಹೊಡಿ. ಒಂದನ್ನೂ ಬಿಡಬೇಡ," ಎಂದು ಹೇಳಿ ಹೋದ. ಗಾಡಿಯ ಸದ್ದು ಬಯಲಿನಲ್ಲಿ ಬಹಳ ಹೊತ್ತು ಕೇಳಿಸಿತು.

ಬಿರುಗಾಳಿ ಹೇಳಿದ ಹೊತ್ತಿಗೇ ಬಂತು. ಮನೆಯ ಕಂಬಳಿ ಗೋಡೆಗಳು ಉಬ್ಬಿ ತಗ್ಗಿದವು, ಮನೆ ಹಾರಿಹೋಗದಂತೆ ಛಾವಣಿಗೆ ಕಟ್ಟಿದ ಹಗ್ಗಕ್ಕೆ ಇಬ್ಬರೂ ಜೋತುಬಿದ್ದರು. ಕೊಟ್ಟಿಗೆಗೆ ಹೋಗಿಬರಲು ಬಾಗಿಲಿನಿಂದ ಹಗ್ಗ ಕಟ್ಟಿಕೊಂಡು ಹೋಗಬೇಕಾಯಿತು. ಒಳಗೆ ಮರಿಗಳು, ಬಸಾರ್, ಆರಿ ಆರಿ ಹೋಗುವ ಒಲೆ. ಯಂಜಿಮಾ ಈಗ ನಾಯಿಗೂ ಮಾತಾಡಲಿಲ್ಲ. ಹಾಲು ಚಿಮುಕಿಸಲಿಲ್ಲ. ದುಲ್ಮಾ ಸೌಟು ತೆಗೆದು ಕೊಡಹೋದರೆ ತಲೆ ಅಲ್ಲಾಡಿಸಿದಳು. "ಇದಕ್ಕೆ ಹಾಲು ಸಾಲಲ್ಲ."

ಒಮ್ಮೆ ಮಾತ್ರ, ಗಾಳಿ ಸ್ವಲ್ಪ ತಗ್ಗಿದಾಗ, "ಅವನು ನಗ್ತಾ ಅಂದಿದ್ದ ಕಣೇ," ಎಂದಳು. "ನಿನ್ನ ಮಾವ. ನಾನೂ ನಕ್ಕಿದ್ದೆ. ನಾನು ನಕ್ಕಿದ್ದೆ ಅಂತ ಯಾರಿಗೂ ಹೇಳಿರ್ಲಿಲ್ಲ."

ದುಲ್ಮಾ ಅತ್ತೆಯ ಕಾಲ ಮೇಲೆ ಕಂಬಳಿ ಎಳೆದಳು. ಅತ್ತೆ ಕಾಲು ಸರಿಸಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಉಂಡರೂ ಈ ಹೆಂಗಸು ಎಷ್ಟು ಒಂಟಿಯಾಗಿದ್ದಳೆಂದು ದುಲ್ಮಾಗೆ ತಿಳಿದದ್ದು ಆಗಲೇ.

ಗಾಳಿ ನಿಂತ ಮೇಲೆ ಆಕಾಶ ಏನೂ ಗೊತ್ತಿಲ್ಲದಂತೆ ನೀಲಿಯಾಗಿತ್ತು. ಬಾಗಿಲಿಗೆ ಮಂಜು ಕಟ್ಟಿತ್ತು, ಸಲಿಕೆಯಿಂದ ಕೆರೆದು ಹೊರಗೆ ಬಂದರು. ಬಯಲಿನಲ್ಲಿ ಒಂದು ಹುಳವೂ ಅಲುಗುತ್ತಿರಲಿಲ್ಲ. ಯಂಜಿಮಾ ಬಂಡೆಯ ಕಡೆ ನೋಡುತ್ತ ನಿಂತಳು, ಒಳಗೆ ಕರೆದರೂ ಬರಲಿಲ್ಲ. ಮರುದಿನವೂ ಹಾಗೇ ನಿಂತಳು. ಸಂಜೆ ದೂರದಲ್ಲಿ ಒಂದು ಚುಕ್ಕೆ ಕಂಡಿತು, ಆಮೇಲೆ ಸದ್ದು. ದೊವ್ದೊನ್ ಮೋಟಾರ್ ಸೈಕಲನ್ನು ಅರ್ಧ ಓಡಿಸಿಕೊಂಡು ಅರ್ಧ ತಳ್ಳಿಕೊಂಡು ಬಂದ. ಅವನ ಕೆನ್ನೆಯ ಚರ್ಮ ಚಳಿಗೆ ಸುಟ್ಟು ಕಪ್ಪಾಗಿತ್ತು.

"ಇದಾನೆ!" ಎಂದು ದೂರದಿಂದಲೇ ಕಿರುಚಿದ. "ಕಲ್ಲುದೊಡ್ಡೀಲಿ ಕೂತಿದ್ವಿ ಇಬ್ರೂ. ಅಷ್ಟು ಹೊತ್ತೂ ಒಂದು ಮಾತಾಡ್ಲಿಲ್ಲ ನಿಮ್ಮ ಮಗ! ಹುಚ್ಚು ಹಿಡಿಯೋದೊಂದು ಬಾಕಿ ನಂಗೆ!"

ದುಲ್ಮಾ ಮಂಜಿನಲ್ಲೇ ಕುಸಿದು ಕುಳಿತು ಅತ್ತಳು. ಯಂಜಿಮಾ ಅಳಲಿಲ್ಲ. ಒಳಗೆ ಹೋಗಿ ಚಹಾಕ್ಕಿಟ್ಟಳು.

ವಾರದೊಳಗೆ ಓಚಿರ್ ಹಿಂಡಿನೊಡನೆ ಬಂದ. ಕೆಲವು ಕುದುರೆ ಹೋಗಿದ್ದವು, ಅವನ ಎಡಗೈಯ ಎರಡು ಬೆರಳು ಮರಗಟ್ಟಿದ್ದವು. ಕಣಿವೆ ಇದ್ದ ಹಾಗೇ ಇತ್ತು. ಪಗ್ಮಾ ಒಂದು ಚೀಲ ಮೊಸರುಗಡ್ಡೆ ಕಳಿಸಿದಳು, ತಾನು ಬರಲಿಲ್ಲ. ಈಗ ಅವರ ಮನೆಯಲ್ಲಿ ಒಂದಲ್ಲ, ಎರಡು ಕರಿನಾಲಿಗೆ ಎಂದು ಜನ ಆಡಿಕೊಂಡರು. ಓಚಿರ್ ಹಗಲೆಲ್ಲ ಕುದುರೆಗಳ ಹಿಂದೆ, ಬಂದರೆ ಉಂಡು ಮಲಗುವುದು. ಎಲ್ಲ ಸರಿಯಾಯಿತು ಎನ್ನಲು ದುಲ್ಮಾಗೆ ಅಡ್ಡ ಬಂದದ್ದು ಒಂದೇ. ಕೊಟ್ಟಿಗೆಯಲ್ಲಿ ಹಾಡು ನಿಂತಿತ್ತು. ಯಂಜಿಮಾ ಹುಟ್ಟಿದ ಮರಿಗಳನ್ನು ಮುಟ್ಟುತ್ತಿರಲಿಲ್ಲ.

ಕಪ್ಪು ತಲೆಯ ಕುರಿಯ ಮರಿ ಸತ್ತು ಹುಟ್ಟಿತು. ಅದೇ ಸಂಜೆ ಬೇರೊಂದು ತಾಯಿ ಸತ್ತು ಅದರ ಮರಿ ತಬ್ಬಲಿಯಾಯಿತು. ದುಲ್ಮಾ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಹೊದಿಸಿ ತಂದಳು. ಕುರಿ ಮೂಸಿ ತಲೆಯಿಂದ ಗುದ್ದಿ ಬೀಳಿಸಿತು. ದುಲ್ಮಾ "ತೊಯ್ಗ್, ತೊಯ್ಗ್" ಎಂದಳು. ಕುರಿ ಇನ್ನೊಮ್ಮೆ ಗುದ್ದಿತು.

"ಅತ್ತೆ, ಬನ್ನಿ. ನನ್ನ ಕೈಲಾಗ್ತಿಲ್ಲ."

ಯಂಜಿಮಾ ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು. "ನಾನು ಬರಬಾರದು. ಹೆತ್ತ ಮಗನಿಗೆ ಸಾವು ನುಡಿದ ನಾಲಿಗೆ ಇದು. ಹಾಲಿನ ಹಾಡು ಇದರಲ್ಲಿ ಇನ್ನು ನಿಲ್ಲಲ್ಲ. ಆ ದಿನಾನೇ ಗೊತ್ತಿತ್ತು ನಂಗೆ, ಗೊತ್ತಿದ್ದೇ ಹೇಳ್ದೆ."

ದೊವ್ದೊನ್ ಮನೆಯಲ್ಲಿ ಮುದುಕಿ ಬೆಲೆಯಾಗಿ ತೆತ್ತದ್ದು ಈ ಹಾಡನ್ನು. ಅದು ಯಾರಿಗೂ ಕಂಡಿರಲಿಲ್ಲ.

"ನಿಮ್ಮ ಮಗ ಬದುಕಿದಾನೆ ಅತ್ತೆ. ನಿಮ್ಮ ಮಾತೇ ಅವನನ್ನ ತಂದಿದ್ದು."

"ಇರಬಹುದು."

"ನೀವು ಹಾಡದಿದ್ರೆ ಇದು ಬೆಳಗಾಗೋದ್ರೊಳಗೆ ಸಾಯುತ್ತೆ. ಇದೂ ನಾನು ಹೇಳ್ತಿರೋ ಕೆಟ್ಟ ಸುದ್ದೀನೇ. ಆಗ ಕೇಳಿದ್ರಿ, ಈಗ ಕೇಳಲ್ವಾ?"

ಯಂಜಿಮಾ ಸೊಸೆಯ ಮುಖ ನೋಡಿದಳು. ಆಮೇಲೆ ಒಳಗೆ ಬಂದು, ಮೊಣಕಾಲು ಹಿಡಿದುಕೊಂಡು, ಹಾಸಿನ ಮೇಲೆ ಕುಳಿತಳು. ಮೊದಲಿಗೆ ಗಂಟಲಿನಿಂದ ಬರೀ ಗಾಳಿ ಬಂತು. ಕೆಮ್ಮಿದಳು. "ತೊಯ್ಗ್..." ಒಡಕು ದನಿ. "ತೊಯ್ಗ್, ತೊಯ್ಗ್..." ಕುರಿ ಕಾಲು ಬಡಿಯಿತು. ಅವಳು ನಿಲ್ಲಿಸಲಿಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು, ಕಣಿವೆಯ ತುಂಬ ಮಂಜು, ದೂರದಲ್ಲಿ ಒಂದೇ ಒಂದು ಮನೆಯ ಹೊಗೆ ಕಾಣುತ್ತಿತ್ತು. ಹಾಡು ಎಷ್ಟೋ ಹೊತ್ತು ನಡೆಯಿತು. ಕುರಿ ತಲೆ ತಿರುಗಿಸಿ ಮರಿಯನ್ನು ಮೂಸಿತು. ಮತ್ತೆ ಮೂಸಿತು. ಮರಿ ಕಾಲುಗಳ ನಡುವೆ ನುಸುಳಿ ಬಾಯಿ ಹಾಕಿದಾಗ ಅದು ಅಲುಗದೆ ನಿಂತಿತು.

ಇಬ್ಬರೂ ಮರಿ ಚೀಪುವ ಸದ್ದು ಕೇಳಿದರು. ದುಲ್ಮಾ ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

"ಗುಡ್ಡಕ್ಕೆ ಮತ್ತೆ ಯಾವಾಗ ಹೋಗ್ತೀಯ?" ಎಂದಳು ಯಂಜಿಮಾ, ಬಟ್ಟೆಗೆ ಅಂಟಿದ ಗೊಬ್ಬರ ಕೊಡವುತ್ತ.

"ನಾಳೆ ಬೆಳಿಗ್ಗೆ. ಆಮೇಲೆ ಮನೆಮನೆಗೆ ಹೋಗ್ಬೇಕು."

"ನಂದೂ ಕುದುರೆ ತಯಾರು ಮಾಡು."

"ನೀವ್ಯಾಕೆ ಅತ್ತೆ, ಈ ಚಳೀಲಿ?"

"ನಾಯಿ ಹಿಡಿಯೋಕೆ ಒಬ್ರು ಬೇಡ್ವಾ?"